ಮೀಟರ್ ಗೇಜ್ ಮಾದರಿಗೆ ದಾಖಲೆ ಎಲ್ಲಿ?

ಪ್ರಶ್ನೆ: ಮೈಸೂರು–ಚಾಮರಾಜನಗರ ಮಾರ್ಗದ ಮೀಟರ್ ಗೇಜ್ ಕಾಲವನ್ನು ರೈಲು ಮಾದರಿಯಲ್ಲಿ ತೋರಿಸಲು ಮಾಹಿತಿ ಹೇಗೆ ಕಲೆಹಾಕಬೇಕು? – ಓದುಗರು, ತಾಳವಾಡಿ

ಉತ್ತರ: ತಾಳವಾಡಿ ಬೆಟ್ಟಗಳಿಗೆ ರೈಲು ಬಂದಿಲ್ಲ, ಹತ್ತಿರದ ನಿಲ್ದಾಣ ಚಾಮರಾಜನಗರ. ಈ ಮಾರ್ಗ 1891ರಲ್ಲಿ ನಂಜನಗೂಡನ್ನು, 1926ರಲ್ಲಿ ಚಾಮರಾಜನಗರವನ್ನು ತಲುಪಿತು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಮಾದರಿ ಯಾವ ವರ್ಷದ್ದೆಂಬುದು ಮೊದಲು ನಿರ್ಧಾರವಾಗಬೇಕು. ಎಂಜಿನ್, ಬೋಗಿಯ ಬಣ್ಣ, ಅದರ ಮೇಲಿನ ಅಕ್ಷರಗಳು ಅದನ್ನೇ ಅವಲಂಬಿಸಿರುತ್ತವೆ.

ಸಾರ್ವಜನಿಕ ವೇಳಾಪಟ್ಟಿಯಲ್ಲಿ ಪ್ರಯಾಣಿಕರ ಗಾಡಿಗಳಷ್ಟೇ ಸಿಗುತ್ತವೆ. ಸಿಬ್ಬಂದಿಗಾಗಿ ಅಚ್ಚಾಗುವ ವರ್ಕಿಂಗ್ ಟೈಮ್ ಟೇಬಲ್‌ನಲ್ಲಿ ಗೂಡ್ಸ್ ಗಾಡಿ, ಕ್ರಾಸಿಂಗ್ ನಡೆಯುವ ನಿಲ್ದಾಣ, ವೇಗದ ಮಿತಿಯೂ ಇರುತ್ತವೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹುಡುಕಬಹುದು. ನಿವೃತ್ತ ಗಾರ್ಡ್, ಸ್ಟೇಷನ್ ಮಾಸ್ಟರ್‌ಗಳ ನೆನಪು ಶಂಟಿಂಗ್, ಟೋಕನ್ ವಿನಿಮಯದಂಥ ದಿನನಿತ್ಯದ ಕೆಲಸ ತಿಳಿಯಲು ಉಪಯುಕ್ತ. ಆದರೆ ವರ್ಷ, ವೇಳೆಗಳನ್ನು ಅಚ್ಚಾದ ದಾಖಲೆಯೊಂದಿಗೆ ತಾಳೆ ನೋಡಬೇಕು.

ಈ ಮಾರ್ಗದ ವಿಶಿಷ್ಟ ದೃಶ್ಯ ನಂಜನಗೂಡಿನ ಕಪಿಲಾ ಸೇತುವೆ. 1735ರ ಈ ಕಲ್ಲುಸೇತುವೆಯ ಮೇಲೆ ರಸ್ತೆ ಮತ್ತು ಹಳಿ ಅಕ್ಕಪಕ್ಕದಲ್ಲಿದ್ದವು. ಅದನ್ನು ಸ್ಥಳದಲ್ಲೇ ನೋಡಿ ಕಮಾನುಗಳ ಅಳತೆ, ಕಲ್ಲಿನ ಬಣ್ಣ ಗುರುತಿಸಿಕೊಳ್ಳಬಹುದು. ಎಂಜಿನ್, ಬೋಗಿ, ಸಿಗ್ನಲ್‌ಗಳ ವಿವರಕ್ಕೆ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ.

ಮೀಟರ್ ಗೇಜ್‌ನ ಅಗಲ 1,000 ಮಿ.ಮೀ. 1:87ರ ಎಚ್‌ಒ ಪ್ರಮಾಣದಲ್ಲಿ ಅದು ಸುಮಾರು 11.5 ಮಿ.ಮೀ. ಆಗುತ್ತದೆ, ಆದ್ದರಿಂದ ಎಚ್‌ಒಎಂ ಹೆಸರಿನ 12 ಮಿ.ಮೀ. ಹಳಿ ಸೂಕ್ತ. ಎಚ್‌ಒ ಪ್ರಮಾಣದ ಸಾಮಾನ್ಯ 16.5 ಮಿ.ಮೀ. ಹಳಿ ಇದಕ್ಕೆ ಹೊಂದುವುದಿಲ್ಲ.