ಉತಾರದ ತಪ್ಪೂ ತಂತ್ರಾಂಶದ ಚುರುಕೂ

ಘೋಣಸಗಿಯ ರೈತನೊಬ್ಬನಿಗೆ 2 ಎಕರೆ 35 ಗುಂಟೆ ಹೊಲವಿದೆಯೆಂದು ಊಹಿಸಿಕೊಳ್ಳೋಣ. ಪಹಣಿಪತ್ರಿಕೆಯಲ್ಲಿ, ಅಂದರೆ ವಿಜಯಪುರದ ಕಡೆಯವರು ಉತಾರವೆನ್ನುವ ಕಾಗದದಲ್ಲಿ, ಅದು 2 ಎಕರೆ 5 ಗುಂಟೆ ಎಂದು ಅಚ್ಚಾದರೆ ಮುಕ್ಕಾಲು ಎಕರೆ ಮಾಯವಾದಂತೆಯೇ ಸರಿ. ಹೊಲವೇನೋ ಇದ್ದಲ್ಲಿಯೇ ಇರುತ್ತದೆ. ಆದರೆ ಬ್ಯಾಂಕಿನ ಸಾಲವೂ ಬೆಳೆನಷ್ಟದ ಪರಿಹಾರವೂ ಕಾಗದದ ಲೆಕ್ಕವನ್ನೇ ಅನುಸರಿಸುತ್ತವೆ. ಈ ತಪ್ಪು ಎಷ್ಟು ದಿನಕ್ಕೆ ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಎಷ್ಟು ದಿನಕ್ಕೆ ನೀಗುತ್ತದೆ?

ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆನ್ನುತ್ತೇವೆ. ಅದನ್ನು ರಚಿಸುವ ಹಳೆಯ ಕ್ರಮ ಕಟ್ಟಡ ಕಟ್ಟುವ ಕ್ರಮದಂತೆಯೇ ಇತ್ತು: ಬೇಕಾದುದೆಲ್ಲವನ್ನೂ ಮೊದಲೇ ಬರೆದಿಡುವುದು, ಟೆಂಡರು ಕರೆಯುವುದು, ಎರಡು ಮೂರು ವರ್ಷಗಳಾದ ಮೇಲೆ ಇಡಿಯಾಗಿ ಒಪ್ಪಿಸಿಕೊಳ್ಳುವುದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಕಲೆತ 17 ಮಂದಿ ತಜ್ಞರು ಬೇರೊಂದು ಕ್ರಮವನ್ನು ಸಾರಿ, ಅದಕ್ಕೆ ‘ಅಜೈಲ್’, ಎಂದರೆ ಚುರುಕಾದುದು, ಎಂದು ಹೆಸರಿಟ್ಟರು. ಸಣ್ಣದೊಂದು ಭಾಗವನ್ನು ಕೆಲವೇ ವಾರಗಳಲ್ಲಿ ಮಾಡಿ ಬಳಸುವವರ ಕೈಗೆ ಕೊಡುವುದು, ಅವರು ಹೇಳಿದಂತೆ ತಿದ್ದುವುದು, ಬಳಿಕ ಮುಂದಿನ ಭಾಗಕ್ಕೆ ಕೈಹಾಕುವುದು ಇದರ ತಿರುಳು.

ಇದರಲ್ಲಿ ಭೌತವಿಜ್ಞಾನದ ಒಂದು ಹಳೆಯ ತತ್ತ್ವವೇ ಅಡಗಿದೆ. ಉದ್ದವಾದ ಕೊಳವೆಯ ತುದಿಯಲ್ಲಿ ಸ್ನಾನಕ್ಕೆ ನಿಂತವನು ಬಿಸಿನೀರಿನ ನಲ್ಲಿಯನ್ನು ತಿರುಗಿಸುತ್ತಾನೆ. ನೀರು ತಣ್ಣಗೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತಾನೆ, ಆಮೇಲೆ ಒಮ್ಮೆಲೇ ಮೈ ಸುಡುತ್ತದೆ. ದೋಷ ನಲ್ಲಿಯದಲ್ಲ, ಮಾಡಿದ ಕೆಲಸಕ್ಕೂ ಅದರ ಫಲ ತಿಳಿಯುವುದಕ್ಕೂ ನಡುವೆ ಇರುವ ವಿಳಂಬದ್ದು. 2013ರ ಅಕ್ಟೋಬರ್ 1ರಂದು ಅಮೆರಿಕ ಸರಕಾರದ ಆರೋಗ್ಯವಿಮೆಯ ಜಾಲತಾಣವನ್ನು ಒಮ್ಮೆಲೇ ತೆರೆದಾಗ ಅದು ಕುಸಿದುಬಿದ್ದುದನ್ನು ಇಲ್ಲಿ ನೆನೆಯಬಹುದು.

ನಮ್ಮ ನಾಡಿನ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯು ಅಜೈಲ್ ಎಂಬ ಹೆಸರು ಹುಟ್ಟುವ ಮುನ್ನವೇ ಮೊದಲಾಯಿತು. ತಂತ್ರಾಂಶವನ್ನು ಎನ್.ಐ.ಸಿ. ಸಂಸ್ಥೆ ರಚಿಸಿತು, ರಾಜೀವ್ ಚಾವ್ಲಾ ಅವರು ಅದರ ಹೊಣೆ ಹೊತ್ತಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಬೇಕಾಗಿತ್ತು. ಮೊದಲು ಕೆಲವೇ ತಾಲೂಕುಗಳಲ್ಲಿ ನಡೆಸಿ ನೋಡಿ, 2002ರ ಹೊತ್ತಿಗೆ 177 ತಾಲೂಕುಗಳಿಗೆ ಹಬ್ಬಿಸಿದರು. ಯಂತ್ರದಲ್ಲಿ ಸೇರಿಸಿದುದನ್ನು ಅಚ್ಚುಹಾಕಿ, ಗ್ರಾಮಲೆಕ್ಕಿಗರಿಂದ ಕೈಬರಹದ ಪುಸ್ತಕದೊಡನೆ ತಾಳೆ ನೋಡಿಸಿ, ತಿದ್ದಿದರು. ಈ ಬೇಸರದ ಕೆಲಸವೇ ಯೋಜನೆಯ ಜೀವಾಳವೆಂದು ನಮ್ಮ ಅಭಿಪ್ರಾಯ.

ಒಂದು ಎಕರೆಗೆ 40 ಗುಂಟೆ. ಆದುದರಿಂದ ಗುಂಟೆಯ ಅಂಕಣದಲ್ಲಿ 45 ಎಂದು ಬಿದ್ದರೆ ಯಂತ್ರವೇ ನಿರಾಕರಿಸುವಂತೆ ಮಾಡಬಹುದು. ಆದರೆ 35ರ ಬದಲು 5 ಬಿದ್ದರೆ ಯಂತ್ರಕ್ಕೆ ಏನೂ ತೋರದು. ಅದು ಹೊಲದ ಒಡೆಯನಿಗೇ ಗೊತ್ತು. ‘ಭೂಮಿ’ ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯಬಂದ ರೈತನ ಕಡೆಗೆ ಮುಖಮಾಡಿ ಎರಡನೆಯ ಪರದೆಯೊಂದನ್ನು ಇರಿಸಿದುದು ಈ ಕಾರಣದಿಂದ ಬಹಳ ಬೆಲೆಯುಳ್ಳ ಏರ್ಪಾಡು. ಸಿಬ್ಬಂದಿ ಮಾಡುತ್ತಿರುವುದು ಅವನಿಗೂ ಕಾಣುತ್ತಿತ್ತು.

ಹಾಗೆಂದು ಸರಕಾರದಲ್ಲಿ ಎಲ್ಲವೂ ವಾರಕ್ಕೊಮ್ಮೆ ಬದಲಾಗಲೆಂದು ನಾವು ಹೇಳುವುದಿಲ್ಲ. ಹಕ್ಕು ಬದಲಾಯಿಸಬೇಕಾದರೆ ನೋಟೀಸು ಹೊರಡಬೇಕು, ತಕರಾರಿಗೆ ಕಾಲಾವಕಾಶವಿರಬೇಕು, ಅಧಿಕಾರಿ ಆದೇಶ ಮಾಡಬೇಕು. ಆ ನಿಧಾನ ಬಡವನ ರಕ್ಷಣೆಗೇ ಇರುವುದು. ಚುರುಕಿನ ಹೆಸರಿನಲ್ಲಿ ಅದನ್ನು ಕಿತ್ತುಹಾಕಬಾರದು. ಆದರೆ ತಂತ್ರಾಂಶದ ತಪ್ಪಿಗೂ ಕಾನೂನಿನ ನಿಧಾನವನ್ನೇ ನೆವಮಾಡುವ ಅಭ್ಯಾಸ ಕಚೇರಿಗಳಲ್ಲಿ ಇಲ್ಲದಿಲ್ಲ. ಟೆಂಡರಿನ ಕರಾರಿನಲ್ಲಿಯೇ, ಮೂರು ವಾರಕ್ಕೊಮ್ಮೆ ನಡೆಯುವ ಒಂದು ಭಾಗವನ್ನು ನಾಡಕಚೇರಿಯ ಸಿಬ್ಬಂದಿಯ ಮುಂದೆಯೂ ನಾಲ್ವರು ರೈತರ ಮುಂದೆಯೂ ನಡೆಸಿ ತೋರಿಸತಕ್ಕದ್ದೆಂದು ಬರೆದರೆ ಸಾಕು, ಅರ್ಧ ಕೆಲಸವಾದಂತೆ.

2020ರಲ್ಲಿ ಬೆಳೆ ಸಮೀಕ್ಷೆಯ ಮೊಬೈಲ್ ತಂತ್ರಾಂಶವನ್ನು ರೈತರ ಕೈಗೇ ಕೊಟ್ಟಾಗ ಆ ಎರಡನೆಯ ಪರದೆ ಹೊಲಕ್ಕೇ ಬಂದಂತಾಯಿತು. ತೊಗರಿಯ ಹೊಲಕ್ಕೆ ಜೋಳವೆಂದು ಬಿದ್ದರೆ, ಬದುವಿನ ಮೇಲೆ ನಿಂತವನಿಗೆ ಅದು ಅಲ್ಲಿಯೇ ಕಾಣುತ್ತದೆ.