ಸರ್ವರ್ ಪರವಾನಗಿ ಕೀ ಹಾಗೂ ಸಕ್ರಿಯಗೊಳಿಸುವಿಕೆಯ ತೊಡಕುಗಳು: ಸದಸ್ಯರ ಅಧ್ಯಯನಕ್ಕೊಂದು ಪಾಠ

ಗ್ರಾಮ ಪಂಚಾಯತಿ ಕಚೇರಿಯೊಂದಕ್ಕೆ ಹೊಸ ಸರ್ವರ್ ಬಂದು ಆರು ತಿಂಗಳಾಗಿದೆ ಎಂದು ಭಾವಿಸಬಹುದು. ಒಂದು ದಿನ ಯಂತ್ರವು ತಾನಾಗಿಯೇ ಆರತೊಡಗುತ್ತದೆ. ಮತ್ತೆ ಚಾಲನೆ ಮಾಡಿದರೆ ಸುಮಾರು ಒಂದು ಗಂಟೆ ನಡೆದು ಪುನಃ ಆರುತ್ತದೆ. ಮೊದಲು ವಿದ್ಯುತ್ ಸರಬರಾಜಿನ ಮೇಲೆ, ಅನಂತರ ಯುಪಿಎಸ್ ಬ್ಯಾಟರಿಯ ಮೇಲೆ ಶಂಕೆ ಮೂಡುತ್ತದೆ. ಹೊಸ ಬ್ಯಾಟರಿಯ ದರಪಟ್ಟಿ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ದುರಸ್ತಿಗೆ ಬಂದ ತಂತ್ರಜ್ಞರು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೆ ಸರಿಹೋದೀತು ಎನ್ನುತ್ತಾರೆ. ವಾಸ್ತವವಾಗಿ ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಖರೀದಿಯ ಸಮಯದಲ್ಲಿ ಅದಕ್ಕೆ ಹಾಕಿಕೊಟ್ಟದ್ದು ವಿಂಡೋಸ್ ಸರ್ವರ್‌ನ ಮೌಲ್ಯಮಾಪನ ಆವೃತ್ತಿ, ಅಂದರೆ ಪರೀಕ್ಷಿಸಿ ನೋಡಲೆಂದು ಮೈಕ್ರೋಸಾಫ್ಟ್ ಕಂಪನಿ ಉಚಿತವಾಗಿ ನೀಡುವ 180 ದಿನಗಳ ಪ್ರತಿ. ಆ ಅವಧಿ ಮುಗಿದ ಮೇಲೆ ಗಂಟೆಗೊಮ್ಮೆ ಆರುವುದು ಅದರ ನಿಯಮವೇ ಆಗಿದೆ.

ಇ-ಸ್ವತ್ತು, ಪಂಚತಂತ್ರ ಮುಂತಾದ ತಂತ್ರಾಂಶಗಳು ಅಂತರ್ಜಾಲದ ಮೂಲಕ ನಡೆಯುವುದರಿಂದ ಕಚೇರಿಯ ಸರ್ವರ್ ನಿಂತರೂ ಅವುಗಳ ದಾಖಲೆಗಳಿಗೆ ಧಕ್ಕೆಯಿಲ್ಲ. ಆದರೆ ನಡವಳಿಗಳ ಸ್ಕ್ಯಾನ್ ಪ್ರತಿಗಳು, ಗ್ರಾಮಸಭೆಯ ಛಾಯಾಚಿತ್ರಗಳು, ಕಾಮಗಾರಿ ಕಡತಗಳು, ಹಳೆಯ ತೆರಿಗೆ ಪಟ್ಟಿಗಳು ಸ್ಥಳೀಯ ಯಂತ್ರದಲ್ಲಿಯೇ ಉಳಿದಿದ್ದರೆ ಅವುಗಳ ಸ್ಥಿತಿ ಬೇರೆ. ಅಳಿಸಿ ಹೊಸದಾಗಿ ಹಾಕುವ ಆತುರದಲ್ಲಿ ಅವು ಶಾಶ್ವತವಾಗಿ ಕಳೆದುಹೋಗಬಹುದು. ಆದ್ದರಿಂದ ಪರವಾನಗಿಯ ತೊಡಕು ಕಂಡಾಗ ದತ್ತಾಂಶದ ನಕಲನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ತೆಗೆದಿರಿಸುವುದು ಮೊದಲ ಕೆಲಸ. ಉಳಿದ ವಿಚಾರಣೆಯೆಲ್ಲ ಅನಂತರದ್ದು.

ವಿಚಾರಣೆ ಕಷ್ಟದ್ದಲ್ಲ. ಮೌಲ್ಯಮಾಪನ ಆವೃತ್ತಿಯಾಗಿದ್ದರೆ ಪರದೆಯ ಬಲಬದಿಯ ಕೆಳಮೂಲೆಯಲ್ಲಿ ಉಳಿದ ದಿನಗಳ ಸಂಖ್ಯೆ ಕಾಣುತ್ತಿರುತ್ತದೆ. ಯಂತ್ರದ ಮಾಹಿತಿ ಪುಟದಲ್ಲಿ ಆವೃತ್ತಿಯ ಹೆಸರಿನ ಕೊನೆಗೆ 'ಇವ್ಯಾಲ್ಯುಯೇಶನ್' ಎಂಬ ಪದವಿರುತ್ತದೆ. ಇಂತಹ ಪ್ರತಿಗೆ ಹಣ ಕೊಟ್ಟು ತಂದ ನಿಜವಾದ ಕೀಯನ್ನು ಸಾಮಾನ್ಯ ಕ್ರಮದಲ್ಲಿ ನಮೂದಿಸಿದರೂ ಅದು ಸ್ವೀಕೃತವಾಗುವುದಿಲ್ಲ. ಇದನ್ನು ಕಂಡು ಕೀಯೇ ನಕಲಿ ಎಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಮೊದಲು ಆವೃತ್ತಿಯನ್ನು ಬದಲಾಯಿಸಬೇಕು. ಅದಕ್ಕೆ 'ಡಿಸ್ಮ್' ಎಂಬ ಆದೇಶವಿದ್ದು, ಅದರೊಡನೆ ಆವೃತ್ತಿಯ ಹೆಸರನ್ನೂ ಕೀಯನ್ನೂ ಕೊಟ್ಟರೆ ಯಂತ್ರವು ಮರುಚಾಲನೆಗೊಂಡು ಪೂರ್ಣ ಆವೃತ್ತಿಯಾಗುತ್ತದೆ. ಕಡತಗಳು ಇದ್ದಲ್ಲಿಯೇ ಉಳಿಯುತ್ತವೆ. ಸ್ಟ್ಯಾಂಡರ್ಡ್ ಮೌಲ್ಯಮಾಪನ ಪ್ರತಿಯನ್ನು ಸ್ಟ್ಯಾಂಡರ್ಡ್‌ಗಾಗಲಿ ಡೇಟಾಸೆಂಟರ್‌ಗಾಗಲಿ ಬದಲಾಯಿಸಬಹುದು. ಡೇಟಾಸೆಂಟರ್ ಪ್ರತಿಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಲು ಬರುವುದಿಲ್ಲ. ಸರ್ವರ್ ಕಚೇರಿಯ ಎಲ್ಲ ಬಳಕೆದಾರರ ಗುರುತನ್ನು ನಿಯಂತ್ರಿಸುವ ಡೊಮೇನ್ ಕಂಟ್ರೋಲರ್ ಆಗಿದ್ದರೆ ಈ ಬದಲಾವಣೆ ನೇರವಾಗಿ ಆಗದು. ಆ ಹೊಣೆಯನ್ನು ಮೊದಲು ಬೇರೆ ಸರ್ವರ್‌ಗೆ ವರ್ಗಾಯಿಸಬೇಕಾಗುತ್ತದೆ.

ಈ ಆದೇಶಗಳನ್ನು ಸದಸ್ಯರು ಸ್ವತಃ ಟೈಪ್ ಮಾಡಬೇಕಾಗಿಲ್ಲ. ಆದರೆ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎಂಬ ಮಾತು ಸಭೆಯಲ್ಲಿ ಕೇಳಿಬಂದಾಗ, ಆವೃತ್ತಿ ಬದಲಾಯಿಸಿ ನೋಡಲಾಗಿದೆಯೇ ಎಂದು ಪ್ರಶ್ನಿಸುವಷ್ಟು ಅರಿವು ಅವರಿಗಿರಬೇಕು.

ಮೌಲ್ಯಮಾಪನ ಪ್ರತಿಯಲ್ಲದ ಪೂರ್ಣ ಆವೃತ್ತಿಯೂ ಸಕ್ರಿಯವಾಗದೆ ಉಳಿಯಬಹುದು. ಆಗ ಯಂತ್ರ ಆರುವುದಿಲ್ಲ. ಸಕ್ರಿಯಗೊಳಿಸಿ ಎಂಬ ಸೂಚನೆ ಪರದೆಯ ಮೇಲೆ ನಿಂತಿರುತ್ತದೆ. ಇದರ ಕಾರಣವನ್ನು ಹುಡುಕಲು ಪರವಾನಗಿ ಯಾವ ಬಗೆಯದೆಂದು ತಿಳಿದಿರಬೇಕು. ಯಂತ್ರದೊಡನೆಯೇ ಬರುವ ಓಇಎಂ ಪರವಾನಗಿ ಆ ಯಂತ್ರಕ್ಕೇ ಬದ್ಧವಾದುದು. ಹಳೆಯ ಸರ್ವರ್ ಕೆಟ್ಟಿತೆಂದು ಅದರ ಮೈಮೇಲಿನ ಚೀಟಿಯಲ್ಲಿರುವ ಕೀಯನ್ನು ಹೊಸ ಸರ್ವರ್‌ಗೆ ಬಳಸುವಂತಿಲ್ಲ. ಮದರ್‌ಬೋರ್ಡ್ ಬದಲಾದಾಗಲೂ ಯಂತ್ರವು ತನ್ನನ್ನು ಹೊಸದೆಂದೇ ಭಾವಿಸಿ ಮತ್ತೆ ಸಕ್ರಿಯಗೊಳಿಸಲು ಕೇಳಬಹುದು. ಆದ ಕಾರಣ ವಾರಂಟಿಯಲ್ಲಿ ಬೋರ್ಡ್ ಬದಲಿಸಿದವರಿಂದ ಕೆಲಸದ ವರದಿಯನ್ನು ಪಡೆದು ಕಡತದಲ್ಲಿ ಇರಿಸಬೇಕು. ಸಂಸ್ಥೆಗಳಿಗೆಂದು ಸಗಟಾಗಿ ಕೊಡುವ ಎಂಎಕೆ ಎಂಬ ಕೀಗೆ ಇಷ್ಟು ಬಾರಿ ಎಂಬ ಮಿತಿಯಿದೆ. ಒಂದೇ ಯಂತ್ರಕ್ಕೆ ಪದೇ ಪದೇ ಹೊಸದಾಗಿ ವ್ಯವಸ್ಥೆ ಹಾಕಿದರೂ ಆ ಎಣಿಕೆ ಕರಗುತ್ತಾ ಹೋಗುತ್ತದೆ. ಅನಗತ್ಯ ಫಾರ್ಮ್ಯಾಟ್‌ನ ಇನ್ನೊಂದು ನಷ್ಟ ಇದು.

ಕೆಎಂಎಸ್ ಎಂಬ ಮೂರನೆಯ ಬಗೆಯಲ್ಲಿಯೇ ಹೆಚ್ಚು ಮೋಸ ನಡೆಯುವುದರಿಂದ ಅದನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯ. ದೊಡ್ಡ ಸಂಸ್ಥೆಯು ತನ್ನ ಜಾಲದೊಳಗೆ ಒಂದು ಯಂತ್ರವನ್ನು ಪರವಾನಗಿ ನೀಡುವ ಕೇಂದ್ರವನ್ನಾಗಿ ಇಟ್ಟುಕೊಂಡು, ಉಳಿದ ಯಂತ್ರಗಳು ಅದರಿಂದ ಅನುಮತಿ ಪಡೆಯುವ ಏರ್ಪಾಡು ಇದಾಗಿದೆ. ಸರ್ವರ್‌ಗಳಾದರೆ ಕನಿಷ್ಠ 5 ಯಂತ್ರಗಳು ಕೋರಿಕೆ ಸಲ್ಲಿಸುವವರೆಗೆ ಆ ಕೇಂದ್ರವು ಯಾರಿಗೂ ಅನುಮತಿ ಕೊಡುವುದಿಲ್ಲ. ಕೊಟ್ಟ ಅನುಮತಿಯ ಬಾಳಿಕೆ 180 ದಿನ. ಯಂತ್ರಗಳು 7 ದಿನಗಳಿಗೊಮ್ಮೆ ಅದನ್ನು ನವೀಕರಿಸಲು ಯತ್ನಿಸುತ್ತವೆ. ಕೇಂದ್ರದೊಡನೆ ಸಂಪರ್ಕ ಸಿಗದಿದ್ದರೆ ಕೊನೆಗೆ 'ಎಫ್074' ಎಂದಿರುವ ದೋಷಸಂಖ್ಯೆ ಕಾಣುತ್ತದೆ. ಆಗ ಜಾಲದ ಹೆಸರು ಪತ್ತೆ ವ್ಯವಸ್ಥೆಯನ್ನೂ, ಫೈರ್‌ವಾಲ್‌ನಲ್ಲಿ 1688ನೇ ಪೋರ್ಟ್ ತೆರೆದಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಈಗ ಒಂದೇ ಸರ್ವರ್ ಇರುವ ಗ್ರಾಮ ಪಂಚಾಯತಿಯನ್ನು ನೆನೆಯಬೇಕು. ಅದು ಇಲಾಖೆಯ ಇಂತಹ ಯಾವ ಜಾಲಕ್ಕೂ ಸೇರಿಲ್ಲ. ಹೀಗಿದ್ದೂ ಅದರ ಸರ್ವರ್ ಕೆಎಂಎಸ್ ಮೂಲಕ ಸಕ್ರಿಯವಾಗಿದೆ ಎಂದಾದರೆ ಅನುಮತಿ ಕೊಟ್ಟವರು ಯಾರು? ಬಹುತೇಕ ಸಂದರ್ಭಗಳಲ್ಲಿ ಅದು ಅಂತರ್ಜಾಲದಲ್ಲಿ ಸಿಗುವ ಅಕ್ರಮ ಸಾಧನದ ಕೆಲಸವಾಗಿರುತ್ತದೆ. ಕೆಎಂಎಸ್‌ಗೆ ಬಳಸುವ ಸಾಮಾನ್ಯ ಕೀಗಳನ್ನು ಕಂಪನಿಯೇ ಬಹಿರಂಗವಾಗಿ ಪ್ರಕಟಿಸಿದೆ. ಅವು ಯಾರಿಗೂ ಪರವಾನಗಿಯ ಹಕ್ಕನ್ನು ಕೊಡುವುದಿಲ್ಲ. ಅಂತಹ ಕೀಯೊಂದನ್ನು ಕಾಗದದ ಮೇಲೆ ಮುದ್ರಿಸಿ ಬಿಲ್ಲಿನೊಡನೆ ಲಗತ್ತಿಸಿದರೆ ನೋಡಿದವರಿಗೆ ಅದು ಅಸಲಿಯಂತೆಯೇ ಕಾಣುತ್ತದೆ. ಪರೀಕ್ಷೆ ಮಾತ್ರ ಸುಲಭ. ಗಣಕಯಂತ್ರ ನಿರ್ವಾಹಕರು 'ಎಸ್‌ಎಲ್‌ಎಂಜಿಆರ್' ಆದೇಶವನ್ನು 'ಎಕ್ಸ್‌ಪಿಆರ್' ಎಂಬ ಸೂಚಕದೊಡನೆ ನಡೆಸಿದರೆ, ಯಂತ್ರವು ಶಾಶ್ವತವಾಗಿ ಸಕ್ರಿಯವಾಗಿದೆಯೋ ಅಥವಾ ಒಂದು ದಿನಾಂಕದವರೆಗೆ ಮಾತ್ರವೋ ಎಂಬುದು ಪರದೆಯ ಮೇಲೆ ಬರುತ್ತದೆ. 'ಡಿಎಲ್‌ವಿ' ಸೂಚಕ ಕೊಟ್ಟರೆ ಪರವಾನಗಿಯ ಬಗೆಯೂ ತಿಳಿಯುತ್ತದೆ. ಬಿಲ್ಲಿನಲ್ಲಿ ಶಾಶ್ವತ ಪರವಾನಗಿ ಎಂದಿದ್ದು ಪರದೆಯಲ್ಲಿ ಮುಕ್ತಾಯದ ದಿನಾಂಕವಿದ್ದರೆ ಪಾವತಿಯನ್ನು ತಡೆಹಿಡಿದು ಲಿಖಿತ ವಿವರಣೆ ಪಡೆಯಲು ಅಷ್ಟೇ ಸಾಕು.

ಅಕ್ರಮ ಸಾಧನಗಳು ಕೆಲಸ ಮಾಡುವ ಮುನ್ನ ವೈರಸ್ ನಿರೋಧಕವನ್ನು ನಿಲ್ಲಿಸುವಂತೆ ಕೇಳುವುದುಂಟು. ಜನರ ಆಸ್ತಿ ಹಾಗೂ ತೆರಿಗೆಯ ವಿವರಗಳಿರುವ ಯಂತ್ರಕ್ಕೆ ಬಾಗಿಲು ತೆರೆದಿಟ್ಟಂತೆಯೇ ಅದು. ಇದಲ್ಲದೆ, ಅಕ್ರಮ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಅದನ್ನು ಬಳಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕರಣ 63-ಬಿ ಅಡಿಯಲ್ಲಿ ಅಪರಾಧವಾಗಿದ್ದು, 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ.

ಎಲ್ಲ ತೊಡಕುಗಳ ಹಿಂದೆಯೂ ವಂಚನೆಯಿರುತ್ತದೆಂದು ತಿಳಿಯಬಾರದು. ದೀರ್ಘಕಾಲ ವಿದ್ಯುತ್ ಇಲ್ಲದೆ ನಿಂತ ಯಂತ್ರದಲ್ಲಿ ಸಿಮಾಸ್ ಬ್ಯಾಟರಿ ಎಂಬ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ ಗಡಿಯಾರವು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಿದ್ದಾಗ ಸುರಕ್ಷಿತ ಸಂಪರ್ಕ ಏರ್ಪಡದೆ ಸಕ್ರಿಯಗೊಳಿಸುವಿಕೆ ವಿಫಲವಾಗುತ್ತದೆ. ದಿನಾಂಕ, ಸಮಯ ಸರಿಪಡಿಸಿದರೆ ಮುಗಿಯಿತು. ಕೀಯನ್ನು ತಪ್ಪಾಗಿ ಓದುವುದೂ ಸಾಮಾನ್ಯ. ವಿಂಡೋಸ್ ಕೀಯಲ್ಲಿ ಐದೈದರ ಐದು ಗುಂಪುಗಳಂತೆ 25 ಅಕ್ಷರಗಳಿರುತ್ತವೆ. ಸೊನ್ನೆ, ಒಂದು, ಐದು ಎಂಬ ಅಂಕಿಗಳಾಗಲಿ, ಇಂಗ್ಲಿಷಿನ ಓ, ಐ, ಎಸ್ ಅಕ್ಷರಗಳಾಗಲಿ ಅದರಲ್ಲಿ ಬರುವುದೇ ಇಲ್ಲ. ಬರೆದುಕೊಂಡ ಕೀಯಲ್ಲಿ ಸೊನ್ನೆ ಕಂಡರೆ ಬರೆದವರ ಕಣ್ಣು ತಪ್ಪಿದೆ ಎಂದರ್ಥ. ಬಿ ಮತ್ತು ಎಂಟು, ಜಿ ಮತ್ತು ಆರು ಇವುಗಳ ನಡುವಿನ ಗೊಂದಲವನ್ನಂತೂ ಭೂತಗನ್ನಡಿ ಹಿಡಿದೇ ಬಗೆಹರಿಸಬೇಕಾಗುತ್ತದೆ.

ಸರ್ವರ್ ಸಕ್ರಿಯವಾದ ಮೇಲೂ ಕೆಲವೆಡೆ ಬೇರೆ ಕೋಣೆಯಿಂದ ಅದರೊಳಗೆ ಪ್ರವೇಶಿಸುವ ರಿಮೋಟ್ ಡೆಸ್ಕ್‌ಟಾಪ್ ಸೇವೆ 120 ದಿನಗಳ ಬಳಿಕ ನಿಂತುಹೋಗುತ್ತದೆ. ಅದು ಬೇರೆಯೇ ಪರವಾನಗಿ. ಸರ್ವರ್ ಕೀಯನ್ನು ಮತ್ತೆ ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ. ಕಡತ ಹಂಚಿಕೆಯಷ್ಟೇ ಅಗತ್ಯವಿರುವ ಕಚೇರಿಗೆ ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳು ಸಾಕಾಗಬಹುದು. ಅವುಗಳಿಗೆ ಕೀಯೇ ಬೇಕಿಲ್ಲ, ಆದರೆ ನಿರ್ವಹಿಸಬಲ್ಲವರು ಹತ್ತಿರದಲ್ಲಿರಬೇಕು.

ಇನ್ನು ದಾಖಲೆಗಳ ಮಾತು. ಸರಬರಾಜು ಆದೇಶದಲ್ಲಿ 'ವಿಂಡೋಸ್ ಸಹಿತ ಸರ್ವರ್' ಎಂದಷ್ಟೇ ಬರೆದರೆ ಯಾವ ಪ್ರತಿ ಕೊಟ್ಟರೂ ಆದೇಶ ಪಾಲಿಸಿದಂತೆಯೇ ಎಂದು ಸರಬರಾಜುದಾರರು ವಾದಿಸಬಹುದು. ಆವೃತ್ತಿ, ವರ್ಷ, ಪರವಾನಗಿಯ ಬಗೆ, ಅದು ಗ್ರಾಮ ಪಂಚಾಯತಿಯ ಹೆಸರಿನಲ್ಲಿರಬೇಕೆಂಬ ಷರತ್ತು ಇವೆಲ್ಲ ಆದೇಶದಲ್ಲಿಯೇ ಇರಬೇಕು. ದಾಸ್ತಾನು ವಹಿಯಲ್ಲಿ ಯಂತ್ರದ ಕ್ರಮಸಂಖ್ಯೆಯ ಎದುರು ಪರವಾನಗಿಯ ವಿವರವನ್ನೂ, ಸಕ್ರಿಯವಾದ ದಿನಾಂಕವನ್ನೂ ನಮೂದಿಸಿ, ಕೀಯನ್ನು ಮಾತ್ರ ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿರಿಸುವುದು ಲೇಸು. ಈಚೆಗೆ ಕೀಗಳು ಇ-ಮೇಲ್ ಮೂಲಕವೇ ಬರುತ್ತವೆ. ಹೊರಗುತ್ತಿಗೆ ನೌಕರರೊಬ್ಬರ ಸ್ವಂತ ಇ-ಮೇಲ್‌ಗೆ ಬಂದ ಕೀ ಅವರು ಕೆಲಸ ಬಿಟ್ಟ ದಿನವೇ ಕಚೇರಿಯ ಕೈತಪ್ಪುತ್ತದೆ. ಆದುದರಿಂದ ಖರೀದಿಗೆ ಕಚೇರಿಯ ಇ-ಮೇಲ್ ವಿಳಾಸವನ್ನೇ ಕೊಟ್ಟು, ಅಧಿಕಾರಿಗಳ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಆ ಖಾತೆಯ ಗುಪ್ತಪದವನ್ನೂ ಲಕೋಟೆಯನ್ನೂ ಹಸ್ತಾಂತರಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.