ಬೋಟ್‌ಗೆ ಮೊದಲು ಡೀಸೆಲ್ ಮೀಟರ್, ಆಮೇಲೆ ದೊಡ್ಡ ಪರದೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬೋಟ್‌ಗಳಿಗೆ ರಿಪೇರಿ ಮಾಡಿಸಲು, ಹೊಸ ಉಪಕರಣ ಕೂರಿಸಲು ಸಿಗುವುದು ಈ 61 ದಿನಗಳ ಬಿಡುವು. ಅಂಗಡಿಗೆ ಹೋದ ಮಾಲೀಕರ ಕಣ್ಣು ಮೊದಲು ಬೀಳುವುದು ನಕ್ಷೆಯಲ್ಲಿ ಬೋಟಿನ ಜಾಗ ತೋರಿಸುವ, ದೊಡ್ಡ ಬಣ್ಣದ ಪರದೆಯ ಪ್ಲಾಟರ್ ಮೇಲೆ. ಆದರೆ ದಿನಗಟ್ಟಲೆ ಆಳಸಮುದ್ರದಲ್ಲಿ ದುಡಿಯುವ ಟ್ರಾಲ್ ಬೋಟ್ ನುಂಗುವುದು ಡೀಸೆಲ್ಲನ್ನು. ಹಾಗಾಗಿ ಹಣದ ಮೊದಲ ಪಾಲು ಡೀಸೆಲ್ ಹರಿವಿನ ಮೀಟರಿಗೆ ಹೋಗಲಿ. ಅದನ್ನು ಜಿಪಿಎಸ್ ವೇಗದೊಂದಿಗೆ ಜೋಡಿಸಿದರೆ ಒಂದು ನಾಟಿಕಲ್ ಮೈಲಿಗೆ ಎಷ್ಟು ಲೀಟರ್ ಎಂಬ ಲೆಕ್ಕ ಬೋಟ್ ನಡೆಸುವ ತಾಂಡೇಲರ ಕಣ್ಣೆದುರೇ ಇರುತ್ತದೆ.

ಎಂಜಿನ್ ಸದ್ದು ಕೇಳಿದರೆ ಸಾಕು, ಮೀಟರ್ ಯಾಕೆ ಎನ್ನುವವರಿದ್ದಾರೆ. ಸದ್ದು ಎಂಜಿನ್ನಿನ ಆರೋಗ್ಯ ಹೇಳಬಹುದು, ಲೀಟರಿನ ಲೆಕ್ಕ ಹೇಳುವುದಿಲ್ಲ. ನೀರನ್ನು ಸೀಳಿ ಸಾಗುವ ಭಾರದ ಬೋಟ್‌ಗೆ ಬೇಕಾಗುವ ಶಕ್ತಿ, ಸ್ಥೂಲವಾಗಿ, ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್‌ನಿಂದ 9ಕ್ಕೆ ಇಳಿದರೆ ಪ್ರತಿ ಮೈಲಿನ ಡೀಸೆಲ್ ಸುಮಾರು ಐದನೇ ಒಂದು ಭಾಗ ಉಳಿಯಬೇಕು. 60 ಮೈಲು ಕ್ರಮಿಸಲು ಹೆಚ್ಚಾಗುವ ಸಮಯ ಬರೀ 40 ನಿಮಿಷ. ಹರಾಜಿಗೆ ತಡವಾದರೆ ಮೀನಿನ ರೇಟು ಬೀಳುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಅವಸರದ ಬೆಲೆ ಎಷ್ಟು ಲೀಟರ್ ಎಂದು ಗೊತ್ತಿದ್ದರೆ ತಾನೇ ಅವಸರ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವುದು? ಬಲೆ ಎಳೆಯುವಾಗ ವೇಗ ಇಳಿಸಲಾಗದು, ಅಲ್ಲಿ ಉಳಿತಾಯವೂ ಕಡಿಮೆ. ಆಗಲೂ ಮೀಟರ್ ವ್ಯರ್ಥವಲ್ಲ: ಅದೇ ಆರ್‌ಪಿಎಂಗೆ ವೇಗ ಕುಗ್ಗಿದರೆ, ಇಲ್ಲವೇ ಡೀಸೆಲ್ ಏರಿದರೆ, ತಳಕ್ಕೆ ಚಿಪ್ಪು ಕಟ್ಟಿದೆಯೋ ಪ್ರೊಪೆಲ್ಲರ್‌ಗೆ ಏಟಾಗಿದೆಯೋ ಎಂದು ನೋಡಬಹುದು. ನೀರಿನ ಸೆಳೆತ ಲೆಕ್ಕ ತಪ್ಪಿಸುತ್ತದೆ. ಹೋಗುವಾಗೊಮ್ಮೆ, ಅದೇ ದಾರಿಯಲ್ಲಿ ಬರುವಾಗೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಮೀಟರ್ ಆರಿಸುವಾಗ ಹೆಚ್ಚಿನವರು ಎಡವುವುದು ರಿಟರ್ನ್ ಪೈಪಿನಲ್ಲಿ. ಡೀಸೆಲ್ ಎಂಜಿನ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ಇಂಧನ ಎಳೆದುಕೊಂಡು ಉಳಿದದ್ದನ್ನು ಟ್ಯಾಂಕಿಗೆ ಮರಳಿಸುತ್ತದೆ. ಹೋಗುವ ಪೈಪಿಗೊಂದು, ಮರಳುವ ಪೈಪಿಗೊಂದು ಸೆನ್ಸರ್ ಹಾಕಿ ವ್ಯತ್ಯಾಸ ತೆಗೆಯಬೇಕು. ಗಂಟೆಗೆ 100 ಲೀಟರ್ ಹೋಗಿ 80 ಮರಳಿದರೆ ಉರಿದದ್ದು 20. ಒಂದು ಸೆನ್ಸರ್ ಶೇ 1 ಹೆಚ್ಚು, ಇನ್ನೊಂದು ಶೇ 1 ಕಡಿಮೆ ತೋರಿಸಿದರೆ ಉತ್ತರ 21.8 ಆಗುತ್ತದೆ, ಅಂದರೆ ಶೇ 9ರಷ್ಟು ತಪ್ಪು! ಅದಕ್ಕೇ ಜೋಡಿಯಾಗಿ ಹೊಂದಿಸಿದ ಸೆನ್ಸರ್‌ಗಳನ್ನೇ ಕೇಳಿ. ಮರಳುವ ಡೀಸೆಲ್ ಬಿಸಿಯಾಗಿ ಹಿಗ್ಗಿರುವುದರಿಂದ ಉಷ್ಣತೆಯನ್ನೂ ಲೆಕ್ಕಕ್ಕೆ ಹಿಡಿಯುವಂಥದ್ದಾದರೆ ಒಳ್ಳೆಯದು. ಸೆನ್ಸರಿಗಿಂತ ಮೊದಲು ಫಿಲ್ಟರ್ ಇರಲಿ. ಕಾಮನ್ ರೈಲ್ ಎಂಜಿನ್ ಆಗಿದ್ದರೆ ಅದರ ಕಂಪ್ಯೂಟರೇ ಈ ಅಂಕಿ ಕೊಡುವ ಸಾಧ್ಯತೆ ಹೆಚ್ಚು. ಪೈಪ್ ಕತ್ತರಿಸುವ ಮೊದಲು ಮೆಕ್ಯಾನಿಕ್ ಬಳಿ ವಿಚಾರಿಸಿ. ಕೂರಿಸಿದ ಮೇಲೆ ಎರಡು ಮೂರು ಸಲ ಬಂಕ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಬಿಲ್ಲಿನ ಲೀಟರನ್ನು ಮೀಟರಿನೊಂದಿಗೆ ತಾಳೆ ನೋಡಿ ಸರಿಪಡಿಸಬೇಕು.

ಪ್ಲಾಟರ್ ವಿಷಯದಲ್ಲಿ ಪರದೆಯ ಅಳತೆ ನಂತರದ ಮಾತು. ಬಿಸಿಲಿನಲ್ಲೂ ಅಕ್ಷರ ಕಾಣಬೇಕು, ನಿಮ್ಮ ಬ್ಯಾಟರಿಯ ವೋಲ್ಟೇಜಿಗೆ ಹೊಂದಬೇಕು, ಎನ್‌ಎಂಇಎ 2000 ಸಂಪರ್ಕವಿರಬೇಕು. ಇದಿಲ್ಲದಿದ್ದರೆ ಡೀಸೆಲ್ ಮೀಟರ್ ಪ್ಲಾಟರಿನೊಂದಿಗೆ ಮಾತಾಡುವುದೇ ಕಷ್ಟ. ಫಿಶ್ ಫೈಂಡರ್ ಬೇಕಿದ್ದರೆ ಆಳಕ್ಕೆ 50 ಕಿಲೋಹರ್ಟ್ಸ್, ತೀರದ ಬಳಿಯ ಸ್ಪಷ್ಟ ಚಿತ್ರಕ್ಕೆ 200 ಕಿಲೋಹರ್ಟ್ಸ್. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮೀನು ಸಿಗುವ ಜಾಗಗಳ ಮಾಹಿತಿ ಕೊಡುತ್ತದೆ. ಅದನ್ನು ಪ್ಲಾಟರಿಗೆ ತುಂಬುವಾಗ ಎಚ್ಚರ: 13 ಡಿಗ್ರಿ 30 ಮಿನಿಟ್ ಅಕ್ಷಾಂಶವನ್ನು 13.30 ಎಂದು ಒತ್ತಿದರೆ ಬೋಟ್ 12 ನಾಟಿಕಲ್ ಮೈಲು ದಕ್ಷಿಣಕ್ಕೆ ಹೋಗುತ್ತದೆ. ಮೊಬೈಲಿನಲ್ಲೇ ಜಿಪಿಎಸ್ ಇದೆಯಲ್ಲ ಎಂದರೆ, ಇದೆ, ಟವರ್ ಸಿಗದಿದ್ದರೂ ಜಾಗ ತೋರಿಸುತ್ತದೆ. ಆದರೆ ಉಪ್ಪುನೀರು, ಬ್ಯಾಟರಿಗಳನ್ನು ನಂಬಿ ಕೂರುವಂತಿಲ್ಲ, ಹೆಚ್ಚುವರಿಯಾಗಿ ಇರಲಿ. ಕಾಂತೀಯ ದಿಕ್ಸೂಚಿಯನ್ನೂ ಬಿಸಾಡಬೇಡಿ, ಹೊಸ ಉಪಕರಣ ಮತ್ತು ಸ್ಪೀಕರ್‌ಗಳನ್ನು ಅದರಿಂದ ದೂರ ಇಡಿ. ವಿಎಚ್‌ಎಫ್ ರೇಡಿಯೊ ಮತ್ತು ಅಪಾಯಸೂಚಕ ಉಪಕರಣಕ್ಕೆ ಉಳಿತಾಯದ ಲೆಕ್ಕ ಅನ್ವಯಿಸುವುದಿಲ್ಲ, ಅವು ಇರಲೇಬೇಕು.

ಅಂಗಡಿಗೆ ಹೋಗುವಾಗ ನಿಮ್ಮ ಎಂಜಿನ್ ಗಂಟೆಗೆ ಎಷ್ಟು ಲೀಟರ್ ಎಳೆಯುತ್ತದೆ, ಎಷ್ಟು ಮರಳಿಸುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ. ಆ ಎರಡು ಅಂಕಿ ಕೇಳದೆಯೇ ಮೀಟರ್ ಮಾರಲು ಹೊರಟವರಲ್ಲಿ ಖರೀದಿ ಬೇಡ.